ಬ್ಯಾಸಿಗ್ಯಾಗ ಲೆಪರ್ಡ್ ಗೆಕೊ ಊಟ ಬಿಟ್ಟೈತಿ, ಹುಬ್ಬಳ್ಳಿ-ಧಾರವಾಡ ಕಡೆ ಸಾಕಿದೋರು ಯಾರರ ಇದ್ರ ಹೇಳ್ರಿ

ಕೇಶ್ವಾಪುರದಾಕಿ
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಕಾಕಾನ ಮಗ ಓದಾಕ ಅಂತ ಹೊರದೇಶಕ್ಕ ಹೋದ, ಹೋಗುವಾಗ ತಾನು ಸಾಕಿದ್ದ ಲೆಪರ್ಡ್ ಗೆಕೊನ (ಹಲ್ಲಿಜಾತಿ ಪ್ರಾಣಿ) ನಮ್ಮ ಮನ್ಯಾಗ ಬಿಟ್ಟು ಹೋಗ್ಯಾನ. ಗಂಡು ಐತಿ, ಪೂರಾ ಬೆಳದೈತಿ, ಹಳದಿ ಮೈಮ್ಯಾಲ ಕರೀ ಚುಕ್ಕಿ. ಥಂಡಿ ದಿನದಾಗ ಬಂದಾಗ ಚೊಲೋ ತಿಂತಿತ್ತು, ರಾತ್ರಿ ನಾ ಟ್ಯಾಂಕಿನ ಹತ್ರ ಹೋದ್ರ ಸಾಕು ಗೂಡಿನಿಂದ ಮಾರಿ ಹೊರಗ ಹಾಕಿ ನೋಡ್ತಿತ್ತು. ಏಪ್ರಿಲ್ ಶುರು ಆದಾಗಿಂದ ಊಟ ಕಡಿಮಿ ಆಗ್ತಾ ಆಗ್ತಾ ಈಗ ಪೂರಾ ಬಿಟ್ಟಂಗ ಆಗೇತಿ, ನೀರಿನ ಬಟ್ಟಲ ಬಾಜೂಕ ಮೈ ಚಾಚಿ ಮಲಗತೈತಿ, ರಾತ್ರಿ ಪೂರ್ತಿ ಗ್ಲಾಸ್ ಕೆರೀತೈತಿ, ಬಾಲ ಮೊದಲಿನಷ್ಟ ದಪ್ಪ ಕಾಣವಲ್ದು. ಅಂವ ಬರದಿಟ್ಟು ಹೋದ ಹಾಳ್ಯಾಗ ಹೀಟ್ ಮ್ಯಾಟ್ (ಟ್ಯಾಂಕ್ ಕಾಸೋ ಕರೆಂಟಿನ ಹಾಸು) ಯಾವಾಗ್ಲೂ ಆನ್ ಇರಬೇಕು, ಥಂಡಿ ಆದ್ರ ಜೀವಕ್ಕ ಅಪಾಯ ಅಂತ ಐತಿ, ಹಂಗ ಇಟ್ಟೇವಿ. ಇಲ್ಲಿ ಪೆಟ್ ಅಂಗಡ್ಯಾಗ ಕೇಳಿದ್ರ ನಾಯಿ, ಮೀನ, ಹಕ್ಕಿ ಬಿಟ್ರ ಬ್ಯಾರೆ ಗೊತ್ತಿಲ್ಲ ಅಂತಾರ. ನಂಗ ಈ ಪ್ರಾಣಿ ಮ್ಯಾಲ ಭಾಳ ಜೀವ ಹತ್ತೇತ್ರಿ, ಗೊತ್ತಿದ್ದೋರು ದಯಮಾಡಿ ಹೇಳ್ರಿ.

ಧಾರವಾಡದ_ಮಳಿ
ಅಕ್ಕಾರ, ಗಾಬರಿ ಆಗಬ್ಯಾಡ್ರಿ, ಆದ್ರ ತಡಾನೂ ಮಾಡಬ್ಯಾಡ್ರಿ. ಮೊದಲ ಒಂದಿಷ್ಟು ನೋಡಿ ಹೇಳ್ರಿ. ಟ್ಯಾಂಕ್ ಯಾವ ಖೋಲಿಯಾಗ ಅದ, ಮ್ಯಾಲಿನ ಮಾಳಗ್ಯಾಗೋ ಕೆಳಗೋ? ಮ್ಯಾಟಿಗೆ ಥರ್ಮೋಸ್ಟ್ಯಾಟ್, ಅಂದ್ರ ಶಾಖ ಹೆಚ್ಚಾದ್ರ ತಾನ ಬಂದ್ ಮಾಡೋ ಯಂತ್ರ, ಅದನೋ ಸೀದಾ ಪ್ಲಗ್ಗಿಗೆ ಹಾಕ್ಯಾರೋ? ಬಿಸಿ ಗೂಡಿನ ಒಳಗ ನೆಲದ ಮ್ಯಾಲ, ಅಂದ್ರ ಅದರ ಹೊಟ್ಟಿ ತಾಗೋ ಜಾಗಾದಾಗ, ಎಷ್ಟ ಡಿಗ್ರಿ ಬರ್ತದ? ಗ್ಲಾಸಿಗೆ ಅಂಟಿಸಿರೋ ಗುಂಡನ ಮೀಟರ್ ನಂಬಬ್ಯಾಡ್ರಿ, ಅದು ಗ್ಲಾಸಿನ ಶಾಖ ತೋರಸ್ತದ ಅಷ್ಟ. ವೈರ್ ಇರೋ ಪ್ರೋಬ್ ಥರ್ಮಾಮೀಟರ್ ಆನ್‌ಲೈನ್‌ನಾಗ ಸಿಗ್ತದ, ಅದರ ತುದಿ ಗೂಡಿನ ಒಳಗ ಇಟ್ಟು ಮಧ್ಯಾಹ್ನ ಮೂರು ಗಂಟೆಕ್ಕ ಒಮ್ಮೆ, ರಾತ್ರಿ ಒಮ್ಮೆ ನೋಡ್ರಿ. ಆಮ್ಯಾಲ ಅಡಗಿಮನಿ ಡಿಜಿಟಲ್ ತಕ್ಕಡ್ಯಾಗ ತೂಕ ಮಾಡ್ರಿ, ಒಂದು ಹಗುರ ಡಬ್ಬಿ ಇಟ್ಟು ಝೀರೋ ಮಾಡಿ ಅದರಾಗ ಬಿಡ್ರಿ. ಹಿಕ್ಕಿ ಹೆಂಗ ಅದ ಅಂತಾನೂ ಹೇಳ್ರಿ.

ಕೇಶ್ವಾಪುರದಾಕಿ
ಅಣ್ಣಾರ, ನಮ್ಮ ತಮ್ಮನ ಹತ್ರ ಪ್ರೋಬ್ ಮೀಟರ್ ಇತ್ತು, ಇವತ್ತ ನೋಡಿದ್ವಿ. ಟ್ಯಾಂಕ್ ಮ್ಯಾಲಿನ ಮಾಳಗ್ಯಾಗ ಐತಿ, ಮ್ಯಾಲ ಸೀದಾ ಸ್ಲ್ಯಾಬು. ಮಧ್ಯಾಹ್ನ ಖೋಲಿನ 36 ಡಿಗ್ರಿ, ಥಂಡಿ ಬಾಜೂ ಗೂಡಿನ್ಯಾಗ 35, ಮ್ಯಾಟಿನ ಮ್ಯಾಲಿನ ಗೂಡಿನ್ಯಾಗ 41. ಥರ್ಮೋಸ್ಟ್ಯಾಟ್ ಇಲ್ಲ, ಸೀದಾ ಪ್ಲಗ್ಗು. ತೂಕ 52 ಗ್ರಾಂ, ನಮ್ಮ ಕಾಕಾನ ಮಗ ಹೋಗುವಾಗ ಬರದದ್ದು 58 ಐತಿ. ಹಿಕ್ಕಿ ಸಣ್ಣಾಗೇತಿ, ಬಿಳೀ ಭಾಗ ಹಳದಿ ಬಣ್ಣಕ್ಕ ತಿರುಗಿ ಗಟ್ಟಿ ಆಗೇತಿ.

ಧಾರವಾಡದ_ಮಳಿ
ನೀವು ಬರದ ಈ ನಂಬರ್ ನೋಡಿದ ಮ್ಯಾಲ ವಿಷಯ ಅಗದೀ ಸ್ಪಷ್ಟ ಆತು. ನಿಮ್ಮ ಗೆಕೊಗೆ ಥಂಡಿ ಆಗಿಲ್ರಿ, ತಪ್ಪಿಸಿಕೊಳ್ಳಲಿಕ್ಕೆ ಜಾಗಾ ಇಲ್ಲದಷ್ಟು ಶೆಕಿ ಆಗೇದ. ಈಗ ಈ ಪೋಸ್ಟ್ ಓದೋದು ಬಿಟ್ಟು ಮೊದಲ ಮ್ಯಾಟ್ ಪ್ಲಗ್ ತಗೀರಿ, ಟ್ಯಾಂಕ್ ಕೆಳಗಿನ ಮನೀಗೆ, ಒಳಗಿನ ಖೋಲಿಗೆ, ನೆಲದ ಮ್ಯಾಲ ತಂದ ಇಡ್ರಿ, ಆಮ್ಯಾಲ ಬಂದು ಉಳಿದದ್ದು ಓದ್ರಿ.

ನಾನು ವರ್ಷಾನುಗಟ್ಟಲೆ ಹೇಳ್ಕೋತ ಬಂದೀನಿ, ಮತ್ತೊಮ್ಮೆ ಹೇಳ್ತೀನಿ. ಇಂಟರ್ನೆಟ್‌ನಾಗ ಸಿಗೋ ಸಾಕಣೆ ಸಲಹೆ ಎಲ್ಲಾ ಬರದೋರು ಥಂಡಿ ದೇಶದೋರು. ಅವರ ಖೋಲಿ ಒಳಗ 18-20 ಡಿಗ್ರಿ ಇರ್ತದ, ಅದಕ್ಕ ಅವರಿಗೆ ದೊಡ್ಡ ಚಿಂತಿ ಅಂದ್ರ ಕಾಸೋದು. ನಮ್ಮ ಹುಬ್ಬಳ್ಳ್ಯಾಗ, ಗದಗಿನ್ಯಾಗ ಮಾರ್ಚ್‌ನಿಂದ ಮೇ ತನಕ ಚಿಂತಿ ಉಲ್ಟಾ, ತಂಪ ಮಾಡೋದು ಹೆಂಗ ಅಂತ. ಅವರು ಬರದದ್ದು ತಪ್ಪಲ್ಲ, ಡಿಗ್ರಿ ನಂಬರ್ ಅವೇ ಇಲ್ಲೂ ನಡೀತಾವ, ಆದ್ರ ಆ ನಂಬರಿಗೆ ಮುಟ್ಟೋ ದಾರಿ ನಮ್ಮ ಊರಿಗೆ ಬ್ಯಾರೆ. ಬಿಸಿ ಗೂಡಿನ ನೆಲ 31 ರಿಂದ 33, ಥಂಡಿ ಬಾಜೂ 24 ರಿಂದ 27, ರಾತ್ರಿ 20-21 ತನಕ ಇಳದ್ರೂ ನಡೀತದ. ಈ ಪ್ರಾಣಿ ತನ್ನ ಮೈ ಶಾಖ ತಾನ ಮಾಡ್ಕೊಳ್ಳೋದಿಲ್ಲ, ಬಿಸಿ ಬೇಕಾದಾಗ ಈ ಕಡೆ, ಸಾಕು ಅನಿಸಿದಾಗ ಆ ಕಡೆ ಓಡಾಡಿ ಸರಿ ಮಾಡ್ಕೋತದ. ಒಂದು ಬಾಜೂ 41, ಇನ್ನೊಂದು ಬಾಜೂ 35 ಅಂದ್ರ ಅದಕ್ಕ ಆರಾಮ ಕೊಡೋ ಜಾಗಾನ ಇಲ್ಲ. ನೀರಿನ ಬಟ್ಟಲ ಬಾಜೂಕ ಮಲಗೋದು, ಗ್ಲಾಸ್ ಕೆರಿಯೋದು ಅದಕ್ಕ ಇರಬೇಕು. ಜೀರ್ಣ ಆಗೋದಿಲ್ಲ ಅಂದ್ಮ್ಯಾಲ ಊಟಾನೂ ಬಿಡ್ತದ. ಬಾಯಿ ತಗದು ಉಸಿರಾಡ್ಲಿಕ್ಕೆ ಹತ್ತಿದ್ರ ಇನ್ನೂ ಗಂಭೀರ, ಆವಾಗ ತಾಸುಗಟ್ಟಲೆ ಕಾಯಬಾರದು.

ಯಾರರ ಕೇಳ್ತಾರ, ಇದು ಪಾಕಿಸ್ತಾನ, ಅಫ್ಘಾನಿಸ್ತಾನ, ನಮ್ಮ ದೇಶದ ವಾಯವ್ಯ ಭಾಗದ ಒಣ ಕಲ್ಲುಗುಡ್ಡದ ಪ್ರಾಣಿ ಅಲ್ಲೇನು, ಅಲ್ಲಿ 45 ಡಿಗ್ರಿ ಬಿಸಲು ಇರ್ತದಲ್ಲ ಅಂತ. ಇರ್ತದ್ರಿ, ಆದ್ರ ಆ ಬಿಸಲಿನ್ಯಾಗ ಇದು ಹೊರಗ ಇರೋದಿಲ್ಲ. ಹಗಲೆಲ್ಲಾ ಬಂಡಿಗಲ್ಲಿನ ಸಂದ್ಯಾಗ, ನೆಲದಾಗಿನ ಬಿಲದಾಗ ಹೊಕ್ಕೊಂಡಿರ್ತದ, ಹೊತ್ತು ಮುಳುಗಿದ ಮ್ಯಾಲ ಹೊರಗ ಬರ್ತದ. ನಿಮ್ಮ ಟ್ಯಾಂಕಿನ್ಯಾಗ ಅದಕ್ಕ ಅಗೀಲಿಕ್ಕೆ ನೆಲ ಎಲ್ಲಿ ಅದ?

ಈಗ ಮಾಡೋದು ಇಷ್ಟ. ಕೆಳಗಿನ ಖೋಲಿನೂ 33 ದಾಟಿದ್ರ ಬಾಟ್ಲಿಯೊಳಗ ನೀರು ಹಾಕಿ ಫ್ರೀಜರ್‌ನಾಗ ಗಟ್ಟಿ ಮಾಡಿ, ಹಳೇ ಪಂಚೆ ಸುತ್ತಿ, ಟ್ಯಾಂಕಿನ ಹೊರಗ ಥಂಡಿ ಬಾಜೂಕ ಒತ್ತಿ ಇಡ್ರಿ, ಒಳಗ ಇಡಬ್ಯಾಡ್ರಿ. ಥಂಡಿ ಬಾಜೂ ನೆಲಕ್ಕ ಒಂದು ತುಂಡು ಶಾಬಾದಿ ಫರಸಿ ಹಾಕ್ರಿ, ನಮ್ಮ ಕಡೆ ಇಷ್ಟು ಚೊಲೋ ತಂಪು ಹಿಡಿಯೋ ಕಲ್ಲು ಮತ್ತೊಂದಿಲ್ಲ, ಪುಕ್ಕಟೆ ಸಿಗ್ತದ. ಅರ್ಧಾ ಒಡದ ಮಣ್ಣಿನ ಗಡಿಗಿ ಬೋರಲ ಹಾಕಿದ್ರ ಗೂಡು ಆತು, ಚೂಪಾದ ಅಂಚು ಮಾತ್ರ ಕಲ್ಲಿಗೆ ತಿಕ್ಕಿ ನುಣುಪ ಮಾಡ್ರಿ. ಕೂಲರ್ ಗಾಳಿ ಸೀದಾ ಟ್ಯಾಂಕಿಗೆ ಬಡೀಬಾರದು. ಫ್ಯಾನ್ ಹಚ್ಚಿದ್ರ ನಮಗ ತಂಪ ಅನಿಸ್ತದ, ಯಾಕಂದ್ರ ನಮಗ ಬೆವರು ಅದ. ಗೆಕೊಗೆ ಬೆವರು ಇಲ್ಲ, 36 ಡಿಗ್ರಿ ಗಾಳಿ ಬೀಸಿದ್ರ ಅದು 36 ಡಿಗ್ರೀನ. ಮುಂದ ಥರ್ಮೋಸ್ಟ್ಯಾಟ್ ಇಲ್ಲದ ಮ್ಯಾಟ್ ಹಚ್ಚಲೇಬ್ಯಾಡ್ರಿ, ಹೊಟ್ಟಿ ಚರ್ಮ ಸುಡ್ತದ, ಈಗ ಎತ್ತಿ ಹೊಟ್ಟಿ ಕೆಂಪಗ ಆಗೇದೇನು ನೋಡ್ರಿ.

ಗದಗ_ಗಾಳಿ
ಮ್ಯಾಲಿನೋರು ಹೇಳಿದ್ದು ಬರೋಬರಿ. ನಾನು ಜಾನುವಾರು ದವಾಖಾನಿಯೊಳಗ ಕೆಲಸ ಮಾಡ್ತೀನಿ, ಅದರ ಮ್ಯಾಲ ಎರಡು ಮಾತು. 58 ರಿಂದ 52 ಅಂದ್ರ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಇಳದೈತಿ. ಬಾಲ ಅಂದ್ರ ಇದರ ಹಗೇವು, ಕೊಬ್ಬು ತುಂಬಿಟ್ಟು ಬರಗಾಲದಾಗ ತಗದು ತಿಂತೈತಿ, ಆರೋಗ್ಯ ಇರೋ ದೊಡ್ಡ ಗೆಕೊ ಒಂದೆರಡು ವಾರ ಊಟ ಬಿಟ್ರೂ ತಡ್ಕೋತೈತಿ. ಆದ್ರ ತೂಕ ಹಿಂಗ ಇಳೀಲಿಕ್ಕೆ ಹತ್ತಿದ್ರ ಶೆಕಿ ಒಂದ ಕಾರಣ ಅಂತ ಕೂಡೂದು ಬ್ಯಾಡ. ತಂಪ ಮಾಡಿ ಒಂದು ವಾರದಾಗ ತಿನ್ನಲಿಲ್ಲ ಅಂದ್ರ ಹಿಕ್ಕಿ ಪರೀಕ್ಷಾ ಮಾಡಿಸ್ರಿ. ಕ್ರಿಪ್ಟೋಸ್ಪೊರಿಡಿಯಂ ಅಂತ ಒಂದು ಪರಾವಲಂಬಿ ಐತಿ, ಅದು ಹೊಕ್ರ ಗೆಕೊ ತಿಂದ್ರೂ ಬಾಲ ಕಡ್ಡಿ ಆಗ್ತೈತಿ, ಒಂದರಿಂದ ಇನ್ನೊಂದಕ್ಕ ಹರಡ್ತೈತಿ. ತಾಜಾ ಹಿಕ್ಕಿನ ಸ್ವಚ್ಛ ಸಣ್ಣ ಡಬ್ಬ್ಯಾಗ ಹಾಕಿ ಅದ ದಿನ ಒಯ್ಯಿರಿ, ತಡ ಆದ್ರ ಫ್ರಿಜ್ಜಿನ್ಯಾಗ ಇಡ್ರಿ, ಫ್ರೀಜರ್‌ನಾಗ ಬ್ಯಾಡ.

ಹಿಕ್ಕಿಯೊಳಗಿನ ಬಿಳೀ ಭಾಗಕ್ಕ ಯೂರೇಟ್ ಅಂತಾರ, ಅದು ಹಳದಿ ಗಟ್ಟಿ ಆಗೇತಿ ಅಂದ್ರ ಮೈಯಾಗ ನೀರು ಕಡಿಮಿ ಆಗೇತಿ. ಉಗುರುಬೆಚ್ಚಗಿನ ನೀರು, 30 ಡಿಗ್ರಿ ಹತ್ರ, ಹೊಟ್ಟಿ ಮುಣಗೋವಷ್ಟು ಮಾತ್ರ ಹಾಕಿ ಹತ್ತು ಹದಿನೈದು ನಿಮಿಷ ನಿಲ್ಲಸ್ರಿ, ನೀವು ಬಾಜೂಕ ಇರ್ರಿ. ಬಾಯಿಗೆ ಒತ್ತಾಯ ಮಾಡಿ ಏನೂ ಹಾಕಬ್ಯಾಡ್ರಿ, ಮನಷ್ಯಾರ ಗುಳಗಿ ಅರದು ಕೊಡೋದು ಅಂತೂ ಬ್ಯಾಡೇ ಬ್ಯಾಡ. ಗದಗಿನ್ಯಾಗ ಪಶುವೈದ್ಯಕೀಯ ಕಾಲೇಜ್ ಐತಿ, ನಿಮ್ಮ ಊರಾಗೂ ಡಾಕ್ಟರ್ ಇದ್ದಾರ, ಹೋಗೋಕಿಂತ ಮೊದಲ ಫೋನ್ ಮಾಡಿ ಸರೀಸೃಪ ನೋಡೋರು ಯಾರು, ಯಾವತ್ತು ಇರ್ತಾರ ಅಂತ ಕೇಳ್ಕೊಳ್ರಿ. ಬಿಸಲಾಗ ಸುಮ್ಮನ ಒಯ್ದು ವಾಪಸ್ ತರೋದು ಪ್ರಾಣಿಗೆ ಇನ್ನೂ ತ್ರಾಸ. ಒಯ್ಯೋದಿದ್ರ ಮುಂಜಾನಿ ಲಗೂನ ಹೊಂಡ್ರಿ, ತೂತ ಇರೋ ಡಬ್ಬ್ಯಾಗ ಒದ್ದಿ ಟಿಶ್ಯೂ ಹಾಕಿ.

ಬ್ಯಾಡಗಿ_ರೈತ
ಈ ಪ್ರಾಣಿ ನಾ ಸಾಕಿಲ್ರಿ, ನಮ್ಮ ಮಗಳು ಧಾರವಾಡದಾಗ ಹಾಸ್ಟೆಲ್‌ನಾಗ ಇದ್ದಾಳ, ಅವಳ ಗೆಳತಿ ಸಾಕ್ಯಾಳ, ಹಬ್ಬಕ್ಕ ಊರಿಗೆ ಬಂದಾಗ ಹೊಲದಾಗಿನ ಮಿಡತಿ ಹಿಡದು ಒಯ್ಯೂಣು ಅಂದ್ಲು. ನಾ ಬ್ಯಾಡ ಅಂದೆ. ಅದನ್ನ ಇಲ್ಲಿ ಹೇಳಬೇಕು ಅನಿಸ್ತು. ನಮ್ಮ ಕಡೆ ಮೆಣಸಿನಕಾಯಿಗೆ ಥ್ರಿಪ್ಸ್ ಬಂತಂದ್ರ ಮ್ಯಾಲಿಂದ ಮ್ಯಾಲ ಎಣ್ಣಿ (ಕೀಟನಾಶಕ) ಹೊಡೀತೇವಿ, ಹತ್ತಿಗೂ ಅಷ್ಟ, ಗೋವಿನಜ್ವಾಳಕ್ಕೂ ಲದ್ದಿ ಹುಳ ಬಂದಾಗಿಂದ ಹೊಡೀತಾರ. ಮಿಡತಿ ನಿಮ್ಮ ಹೊಲದಾಗ ಕುಂತಿದ್ರೂ ನಿನ್ನೆ ಬಾಜೂದವರ ಹೊಲದಾಗ ಇತ್ತೋ ಏನೋ ಯಾರಿಗ್ಗೊತ್ತು. ಹುಳಕ್ಕ ಹತ್ತಿದ ಎಣ್ಣಿ ಅದನ್ನ ತಿಂದ ಪ್ರಾಣಿಗೂ ಹೋಗ್ತೈತಿ. ಐವತ್ತು ಗ್ರಾಂ ಪ್ರಾಣಿ ಅಂತೀರಿ, ಅದಕ್ಕ ಎಷ್ಟ ಹತ್ತಿದ್ರ ಸಾಕು? ಹೊಲದ ಹುಳ ಹಾಕಬ್ಯಾಡ್ರಿ ಅಂತ ಕೈ ಮುಗದು ಹೇಳ್ತೇನಿ.

ಧಾರವಾಡದ_ಮಳಿ
ಕಾಕಾರ, ನೀವು ಹೇಳಿದ ಮಾತು ಬಂಗಾರದಂಥಾದ್ದು, ರೈತರ ಬಾಯಿಂದ ಬಂದ್ರ ಹುಡುಗರು ಕೇಳ್ತಾರ. ಅದಕ್ಕ ಇನ್ನೊಂದು ಕೂಡಸ್ತೀನಿ: ಮೊದಲ ಮಳಿ ಆದಮ್ಯಾಲ ಕಲಘಟಗಿ, ದಾಂಡೇಲಿ ರೋಡ್ ಕಡೆ ಮಿಂಚುಹುಳ ಕಾಣಸ್ತಾವ, ಅವನ್ನ ಗೆಕೊಗೆ ಎಂದೂ ಕೊಡಬಾರದು, ಅವುಗಳ ಮೈಯಾಗಿನ ವಿಷಕ್ಕ ಒಂದ ಹುಳ ಸಾಕು ಸಣ್ಣ ಹಲ್ಲಿಜಾತಿ ಪ್ರಾಣಿ ಸಾಯ್ಲಿಕ್ಕೆ. ಮನ್ಯಾಗಿನ ಜಿರಳಿನೂ ಬ್ಯಾಡ, ಯಾರ ಮನ್ಯಾಗ ಏನ ಸ್ಪ್ರೇ ಹೊಡದಾರೋ.

ಹಂಗಾರ ಏನ ಹಾಕೋದು ಅಂದ್ರ ಮನ್ಯಾಗ ಮೀಲ್‌ವರ್ಮ್ ಅನ್ನೋ ಹುಳ ಬೆಳಸ್ರಿ, ಇದು ಅಗದೀ ಸರಳ. ಒಂದು ಅಗಲ ಪ್ಲಾಸ್ಟಿಕ್ ಡಬ್ಬಿ, ಎರಡು ಮೂರು ಇಂಚು ಗೋದಿ ತೌಡು, ಗಿರಣ್ಯಾಗ ಕೇಳಿದ್ರ ಸಿಗ್ತದ, ಹಾಕೋಕಿಂತ ಮೊದಲ ಎರಡು ಮೂರು ದಿನ ಫ್ರೀಜರ್‌ನಾಗ ಇಟ್ರ ಅದರಾಗಿನ ನುಸಿ ಸಾಯ್ತಾವ. ನೀರಿನ ಬದಲಿ ಗಜ್ಜರಿ ತುಂಡು ಇಲ್ಲಾ ಬಟಾಟಿ ಹೋಳು, ಬೂಷ್ಟು ಬರೋಕಿಂತ ಮೊದಲ ತಗದು ಹೊಸಾದು ಇಡಬೇಕು. ಹುಳ, ಕೋಶ, ಕರೀ ದುಂಬಿ, ಮತ್ತ ತತ್ತಿ, ಹಿಂಗ ತಿರುಗತದ, ಎರಡು ಮೂರು ಡಬ್ಬಿ ಮಾಡಿದ್ರ ವರ್ಷಪೂರ್ತಿ ಕೊರತಿ ಇಲ್ಲ. ಶೆಕಿ 35 ದಾಟಿದ್ರ ಅವೂ ಸಾಯ್ತಾವ, ಅದಕ್ಕ ಗೆಕೊ ಇರೋ ತಂಪ ಖೋಲಿಯಾಗ ಇಡ್ರಿ. ಬೆಳವಣಿಗಿ ನಿಧಾನ ಮಾಡೋದಿದ್ರ ಫ್ರಿಜ್ಜಿನ್ಯಾಗ ಇಡಬಹುದು, ಆದ್ರ ಅವುಗಳಂಥಾದ್ದ ಇನ್ನೊಂದು ದೊಡ್ಡ ಜಾತಿ ಅದ, ಸೂಪರ್‌ವರ್ಮ್ ಅಂತಾರ, ಅವು ಫ್ರಿಜ್ಜಿನ್ಯಾಗ ಉಳಿಯೋದಿಲ್ಲ.

ಆದ್ರ ಬರೇ ಮೀಲ್‌ವರ್ಮ್ ಮ್ಯಾಲ ಬದುಕಿಸಬ್ಯಾಡ್ರಿ. ಸಾಕಿದ ಕ್ರಿಕೆಟ್ ಹುಳ, ಡುಬಿಯಾ (ಸಾಕಿದ ಜಿರಳಿ ಜಾತಿ) ಸಿಕ್ರ ಬದಲಸಿ ಬದಲಸಿ ಹಾಕ್ರಿ. ಈ ಹುಳ ಎಲ್ಲಾದರಾಗೂ ಕ್ಯಾಲ್ಸಿಯಂ ಕಡಿಮಿ, ರಂಜಕ ಜಾಸ್ತಿ. ಕ್ಯಾಲ್ಸಿಯಂ ಪುಡಿ ಹಚ್ಚದ ಕೊಟ್ಕೋತ ಹೋದ್ರ ಪ್ರಾಣಿ ತನ್ನ ಎಲಬಿನಿಂದ ಕ್ಯಾಲ್ಸಿಯಂ ತಗೀತದ, ದವಡಿ ರಬ್ಬರಿನಂಗ ಆಗ್ತದ, ಕಾಲು ಸೊಟ್ಟ ಆಗ್ತಾವ, ನಡೀವಾಗ ನಡಗ್ತದ. ಒಮ್ಮೆ ಸೊಟ್ಟ ಆದ ಎಲಬು ತಿರುಗಿ ನೆಟ್ಟಗ ಆಗೋದಿಲ್ರಿ. ಅದಕ್ಕ ಹುಳಕ್ಕ ಒಂದೆರಡು ದಿನ ಮೊದಲ ಚೊಲೋ ಕಾಯಿಪಲ್ಲೆ ತಿನಸಿ, ಪುಡಿ ಹಚ್ಚಿ ಕೊಡೋದು. ವಾರದಾಗ ಒಂದೋ ಎರಡೋ ಸಲ ವಿಟಮಿನ್ ಡಿ3 ಇರೋ ಪುಡಿ, ಉಳಿದ ಸಲ ಡಿ3 ಇಲ್ಲದ್ದು. ಹುಳ ಅದರ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದು ಇರಬಾರದು. ಮರಿಗೆ ದಿನಾ, ದೊಡ್ಡದಕ್ಕ ಎರಡು ಮೂರು ದಿನಕ್ಕೊಮ್ಮೆ ಸಾಕು. ತಿನ್ನದ ಉಳದ ಕ್ರಿಕೆಟ್ ರಾತ್ರಿ ಒಳಗ ಬಿಡಬ್ಯಾಡ್ರಿ, ಮಲಗಿದ ಗೆಕೊನ ಅವೇ ಕಡೀತಾವ.

ಉಣಕಲ್_ಅಮ್ಮ
ನಮ್ಮ ಹುಡುಗ ಇದ ಪ್ರಾಣಿ ಬೇಕು ಅಂತ ಹಟ ಹಿಡದಾನ್ರಿ, ಅದಕ್ಕ ಇಲ್ಲಿ ಓದಾಕ ಬಂದೆ. ನಮ್ಮ ಅತ್ತಿ ಅಂತೂ ಹಲ್ಲಿ ಮೈಮ್ಯಾಲ ಬಿದ್ರ ಜಳಕ ಮಾಡಿ ದೀಪ ಹಚ್ಚೋರು, ಮನ್ಯಾಗ ಡಬ್ಬ್ಯಾಗ ಇಟ್ಟು ಸಾಕ್ತೀವಿ ಅಂದ್ರ ಒಪ್ಪೂದಿಲ್ಲ. ಖರೇನ ಕೇಳ್ತೇನಿ, ವಿಷ ಐತೇನ್ರಿ ಇದಕ್ಕ? ಮನ್ಯಾಗ ಎರಡು ವರ್ಷದ ಸಣ್ಣ ಮಗಳೂ ಅದಾಳ.

ಗದಗ_ಗಾಳಿ
ಅಕ್ಕಾರ, ವಿಷ ಇಲ್ರಿ, ಹಲ್ಲಿನ್ಯಾಗೂ ಇಲ್ಲ, ಚರ್ಮದಾಗೂ ಇಲ್ಲ, ಬಾಲದಾಗೂ ಇಲ್ಲ. ಮನಿ ಗ್ವಾಡಿ ಮ್ಯಾಲಿನ ಹಲ್ಲಿಗೂ ಇದಕ್ಕೂ ನೋಡಿದ್ರ ಫರಕ್ ಗೊತ್ತಾಗ್ತೈತಿ: ಇದಕ್ಕ ಕಣ್ಣಿಗೆ ರೆಪ್ಪಿ ಐತಿ, ಕಣ್ಣು ಮುಚ್ಚಿ ಮಲಗತೈತಿ, ಗ್ವಾಡಿ ಹತ್ತಾಕ ಬರೂದಿಲ್ಲ ಯಾಕಂದ್ರ ಕಾಲ ಬೆರಳಿನ್ಯಾಗ ಅಂಟೋ ಪಟ್ಟಿ ಇಲ್ಲ. ಹಂಗಾಗಿ ಯಾರ ಮೈಮ್ಯಾಲೂ ಮ್ಯಾಲಿಂದ ಬೀಳೂದಿಲ್ಲ ಅಂತ ನಿಮ್ಮ ಅತ್ತಿಯವರಿಗೆ ಹೇಳ್ರಿ, ಅವರ ಮನಸ್ಸಿಗೆ ಸಮಾಧಾನ ಆಗಬಹುದು.

ಆದ್ರ ನಿಮ್ಮ ಸಣ್ಣ ಮಗಳ ವಿಷಯ ನಾ ಗಂಭೀರವಾಗಿ ಹೇಳ್ತೇನಿ. ಸರೀಸೃಪದ ಹೊಟ್ಟ್ಯಾಗ ಸಾಲ್ಮೊನೆಲ್ಲಾ ಅನ್ನೂ ಬ್ಯಾಕ್ಟೀರಿಯಾ ಇರ್ತೈತಿ, ಪ್ರಾಣಿಗೆ ಏನೂ ಆಗಿರೂದಿಲ್ಲ, ಆದ್ರ ಮುಟ್ಟಿದ ಕೈ ಬಾಯಿಗೆ ಹೋದ್ರ ವಾಂತಿ ಭೇದಿ ಜ್ವರ ಬರ್ತೈತಿ, ಐದು ವರ್ಷದ ಒಳಗಿನ ಮಕ್ಕಳಿಗೆ, ಬಸುರಿ ಹೆಣ್ಣಮಕ್ಕಳಿಗೆ, ವಯಸ್ಸಾದೋರಿಗೆ ಜೋರಾಗ್ತೈತಿ. ಮಗಳು ಇನ್ನೂ ದೊಡ್ಡಕಿ ಆಗೂ ತನಕ ತರಬ್ಯಾಡ್ರಿ ಅನ್ನೂದು ನನ್ನ ಅಭಿಪ್ರಾಯ. ತಂದ ಮನ್ಯಾಗ ಮುಟ್ಟಿದ ಮ್ಯಾಲ ಸಾಬೂನು ಹಚ್ಚಿ ಕೈ ತೊಳೀಲೇಬೇಕು, ಅದರ ಬಟ್ಟಲ, ಕಲ್ಲು ಅಡಗಿಮನಿ ಸಿಂಕಿನ್ಯಾಗ ತೊಳೀಬಾರದು, ಬಚ್ಚಲದಾಗ ತೊಳದು ಬಚ್ಚಲಾನೂ ತೊಳೀಬೇಕು. ತೂಕ ಮಾಡೂ ತಕ್ಕಡಿನೂ ಅಡಗೀದು ಬ್ಯಾಡ, ಬ್ಯಾರೆ ಒಂದು ಸಣ್ಣದು ತಗೊಳ್ರಿ.

ಧಾರವಾಡದ_ಮಳಿ
ತಕ್ಕಡಿ ಮಾತು ಒಪ್ಪಿದೆ, ಬ್ಯಾರೆದ್ದು ಇಡೋದ ಚೊಲೋ.

ರಾಣೇಬೆನ್ನೂರ_ಸ್ಟೇಷನ್
ಅಣ್ಣಾರ ನಾನೂ ಒಂದು ಜೋಡಿ ತಗೋಬೇಕು ಅಂತ ಮಾಡೇನಿ, ಗಂಡು ಹೆಣ್ಣು ಕೂಡೇ ಇಟ್ರ ಮರಿ ಮಾಡಸಬಹುದಲ್ಲ. ಲೈಸೆನ್ಸ್ ಬೇಕೇನು? ಒಬ್ಬಾಂವ ಲೆಮನ್ ಫ್ರಾಸ್ಟ್ ಅಂತ ಬಣ್ಣದ್ದು ಕೊಡತೇನಿ ಅಂತಾನ, ನೋಡಾಕ ಭಾಳ ಚಂದ ಐತಿ.

ಧಾರವಾಡದ_ಮಳಿ
ತಮ್ಮಾ, ಒಂದೊಂದಾಗಿ ಹೇಳ್ತೀನಿ. ಲೆಮನ್ ಫ್ರಾಸ್ಟ್ ತಗೋಬ್ಯಾಡಪ್ಪಾ. ಆ ಬಣ್ಣ ಕೊಡೋ ಜೀನ್‌ನಿಂದನ ಚರ್ಮದಾಗ ಬಿಳೀ ಗಡ್ಡಿ ಬೆಳೀತಾವ, ಕ್ಯಾನ್ಸರ್ ಗಡ್ಡಿ, 2021 ರಾಗ ಅದರ ಮ್ಯಾಲಿನ ಸಂಶೋಧನಾ ಪ್ರಕಟ ಆಗೇದ. ಹಂಗ ಎನಿಗ್ಮಾ ಅನ್ನೋ ಬಣ್ಣದ ತಳಿಯೊಳಗ ನರದ ದೋಷ ಇರ್ತದ, ತಲಿ ಓರಿ ಮಾಡಿ ಗಿರಗಿರ ತಿರುಗತಾವ, ಹುಳ ಹಿಡೀಲಿಕ್ಕೆ ಗುರಿ ಸಿಗೋದಿಲ್ಲ. ಚಂದ ಕಾಣಲಿ ಅಂತ ಒಂದು ಜೀವಾನ ಜನ್ಮಪೂರ್ತಿ ನೋವಿನ್ಯಾಗ ಇಡೋದು ಸರಿ ಅಲ್ಲ, ಇದರ ಬಗ್ಗೆ ನಾನು ಮೆತ್ತಗ ಮಾತಾಡೋದಿಲ್ಲ. ಸಾದಾ ಹಳದಿ ಕಪ್ಪು ಚುಕ್ಕಿದು ಎಷ್ಟು ಚಂದ ಇರ್ತದ ಅಂತ ಸಂಜಿಮುಂದ ಅದು ಬೇಟಿ ಆಡೋದು ನೋಡಿದ್ರ ಗೊತ್ತಾಗ್ತದ.

ಜೋಡಿ ಬ್ಯಾಡ. ಇವು ಒಂಟಿ ಪ್ರಾಣಿ. ಎರಡು ಗಂಡು ಇಟ್ರ ಕಾದಾಡಿ ಕಚ್ಚಿ ಸಾಯ್ತಾವ, ಗಂಡು ಹೆಣ್ಣು ಇಟ್ರ ಗಂಡು ಬೆನ್ನ ಬಿಡೋದಿಲ್ಲ, ಹೆಣ್ಣು ಸಲಕ್ಕ ಎರಡೆರಡು ತತ್ತಿ ಹಾಕಿ ಹಾಕಿ ಸೊರಗ್ತದ. ಮರಿ ಮಾಡಿಸಿದ್ರ ಹದಿನೈದು ಇಪ್ಪತ್ತು ವರ್ಷ ನೋಡ್ಕೊಳ್ಳೋ ಮನಿ ಒಂದೊಂದಕ್ಕೂ ಹುಡಕಬೇಕು. ತತ್ತಿ ಯಾವ ಶಾಖದಾಗ ಇಡ್ತೀವಿ ಅನ್ನೋದರ ಮ್ಯಾಲ ಗಂಡೋ ಹೆಣ್ಣೋ ತೀರ್ಮಾನ ಆಗ್ತದ, 26 ಡಿಗ್ರಿ ಸುತ್ತ ಹೆಣ್ಣು ಜಾಸ್ತಿ, 32-33 ಕ್ಕ ಗಂಡು ಜಾಸ್ತಿ, 34-35 ಕ್ಕ ಮತ್ತ ಹೆಣ್ಣು. ನಮ್ಮ ಬ್ಯಾಸಿಗ್ಯಾಗ ಶಾಖ ಒಂದೇ ಮಟ್ಟದಾಗ ಹಿಡದು ಇಡೋದು ಎಷ್ಟು ಕಷ್ಟ ಅಂತ ಈ ಚರ್ಚಾದಾಗ ಮೊದಲಿಂದ ಓದಿಯಲ್ಲ.

ಕಾಯ್ದೆ ಮಾತು. 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022 ರಾಗ ತಿದ್ದುಪಡಿ ಆಗಿ ಪಟ್ಟಿ ಎಲ್ಲಾ ಬದಲಾಗ್ಯಾವ, ಹೊರದೇಶದ ಅಳಿವಿನಂಚಿನ ಪ್ರಾಣಿ ಸಾಕೋರು ಪರಿವೇಶ್ ಅನ್ನೋ ಸರಕಾರಿ ಪೋರ್ಟಲ್‌ನಾಗ ನೋಂದಣಿ ಮಾಡಿಸೋ ನಿಯಮ 2024 ರಾಗ ಬಂದಾವ. ಅದಕ್ಕ ರೊಕ್ಕ ಕೊಡೋಕಿಂತ ಮೊದಲ ಅರಣ್ಯ ಇಲಾಖೆ ಕಚೇರಿಗೆ ಹೋಗು, ಯುಬ್ಲೆಫಾರಿಸ್ ಮ್ಯಾಕುಲೇರಿಯಸ್ ಅಂತ ಸೈಂಟಿಫಿಕ್ ಹೆಸರು ಬರಕೊಂಡು ಹೋಗು, ಇದನ್ನ ಇಟ್ಕೋಬಹುದೇನು, ಕಾಗದ ಏನೇನ ಬೇಕು ಅಂತ ಕೇಳು. ಮಾರೋನ ಕಡೆ ಇದು ಎಲ್ಲಿ ಹುಟ್ಟಿದ್ದು ಅನ್ನೋ ಕಾಗದ, ರಸೀದಿ ಇಲ್ಲ ಅಂದ್ರ ಬಿಟ್ಟ ಬಿಡು. ಯಾಕಂದ್ರ ನಮ್ಮ ದೇಶದ ಕಾಡಿನ್ಯಾಗೂ ಇದರ ಬಳಗ ಅದ: ಮಹಾರಾಷ್ಟ್ರ, ಗುಜರಾತ್ ಕಡೆ ಒಂದು ಜಾತಿ, ಪೂರ್ವ ಭಾರತದಾಗ ಒಂದು, ಸಾತ್ಪುರಾ ಗುಡ್ಡದ್ದನ್ನ 2014 ರಾಗ ಹೊಸ ಜಾತಿ ಅಂತ ಗುರುತಿಸಿದ್ರು. ಕಾಡಿನಿಂದ ಹಿಡದು ತಂದದ್ದನ್ನ ಸಾಕಿದ್ದು ಅಂತ ಮಾರೋರು ಇರ್ತಾರ. ಗುಡ್ಡದಾಗ ಇರೋದು ಗುಡ್ಡದಾಗ ಇರಲಿ.

ರಾಣೇಬೆನ್ನೂರ_ಸ್ಟೇಷನ್
ಸರಿ ಅಣ್ಣಾರ. ಗಡ್ಡಿ ವಿಷಯ ಅಂವ ಹೇಳೇ ಇದ್ದಿದ್ದಿಲ್ಲ. ಮೊದಲ ಅರಣ್ಯ ಆಫೀಸಿಗೆ ಹೋಗಿ ಬರತೇನಿ.

ಕೇಶ್ವಾಪುರದಾಕಿ
ಎಲ್ಲಾರಿಗೂ ಒಂದು ಸುದ್ದಿ ಹೇಳಬೇಕಿತ್ತು. ಕೆಳಗಿನ ದೇವರಮನಿ ಬಾಜೂದ ಖೋಲಿಯಾಗ ಇಟ್ಟೇವಿ, ಅಲ್ಲಿ ಮಧ್ಯಾಹ್ನನೂ 31 ದಾಟೂದಿಲ್ಲ, ಥಂಡಿ ಬಾಜೂ ಫರಸಿ ಮ್ಯಾಲ 28 ಬರ್ತೈತಿ. ಥರ್ಮೋಸ್ಟ್ಯಾಟ್ ಬಂತು, 32 ಕ್ಕ ಇಟ್ಟೇವಿ, ಹಗಲ ಮ್ಯಾಟ್ ತಾನ ಬಂದ್ ಆಗಿರ್ತೈತಿ. ಗ್ಲಾಸ್ ಕೆರಿಯೂದು ನಿಂತೈತಿ! ಮೊನ್ನೆ ರಾತ್ರಿ ಎರಡು ಕ್ರಿಕೆಟ್ ತಿಂತು, ಬಾಲದ ತುದಿ ಅಲ್ಲಾಡಿಸಿ ಅಲ್ಲಾಡಿಸಿ ಜಿಗದು ಹಿಡೀತು, ಮನಿಮಂದಿ ಎಲ್ಲಾ ನಿಂತು ನೋಡಿದ್ವಿ, ನಮ್ಮ ಆಯಿನೂ. ತೂಕ 52 ರಾಗ ನಿಂತೈತಿ, ಇಳದಿಲ್ಲ. ಹಿಕ್ಕಿ ಪರೀಕ್ಷಾಕ್ಕ ಕೊಟ್ಟೇವಿ, ಪರಾವಲಂಬಿ ಏನೂ ಕಂಡಿಲ್ಲ ಅಂದ್ರು. ಈಗ ಮೈ ಬಣ್ಣ ಬಿಳಚಿಕೊಂಡಂಗ ಆಗೇತಿ, ಪೊರಿ ಬಿಡ್ತೈತಿ ಅನಸ್ತೈತಿ. ಹಿಂದಿನ ಸಲದ ಪೊರಿ ಬಲಗಾಲ ಒಂದು ಬೆರಳಿಗೆ ಉಂಗುರದಂಗ ಉಳದೈತಿ. ಎಳೀಲೇನು?

ಧಾರವಾಡದ_ಮಳಿ
ಓದಿ ಭಾಳ ಖುಷಿ ಆತ್ರಿ ಅಕ್ಕಾರ! ಆದ್ರ ಎಳೀಬ್ಯಾಡ್ರಿ. ಒಣ ಪೊರಿ ಎಳದ್ರ ಕೆಳಗಿನ ಚರ್ಮಾನೂ ಬರ್ತದ. ಹಂಗ ಬಿಟ್ರೂ ನಡಿಯೋದಿಲ್ಲ, ಉಳದ ಪೊರಿ ಒಣಗಿ ಬಿಗದು ರಕ್ತ ಹೋಗೋದು ನಿಂತು ಬೆರಳ ಉದರ್ತದ, ಎಷ್ಟೋ ಗೆಕೊಗಳ ಬೆರಳು ಹೋಗಿರೋದು ಹಿಂಗನ. ಸಣ್ಣ ಮುಚ್ಚಳ ಇರೋ ಡಬ್ಬಿಗೆ ಬಾಗಲಾ ಕೊರದು ಒಳಗ ಒದ್ದಿ ತೆಂಗಿನ ನಾರಿನ ಪುಡಿ ಇಲ್ಲಾ ಒದ್ದಿ ಟಿಶ್ಯೂ ಹಾಕಿ ಬಿಸಿ ಮತ್ತ ಥಂಡಿ ಬಾಜೂ ನಡುವ ಇಡ್ರಿ. ಪೊರಿ ಬಿಡೋ ಹೊತ್ತಿನ್ಯಾಗ ಅದು ತಾನ ಹೋಗಿ ಅದರಾಗ ಕೂಡ್ತದ. ಉಳದ ಉಂಗುರಕ್ಕ ಉಗುರುಬೆಚ್ಚಗಿನ ನೀರಿನ್ಯಾಗ ಹದಿನೈದು ನಿಮಿಷ ನೆನಸಿ, ಒದ್ದಿ ಹತ್ತಿ ಕಡ್ಡಿಲೆ ಮೆತ್ತಗ ಉಳ್ಳಸ್ರಿ, ಬರಲಿಲ್ಲ ಅಂದ್ರ ನಾಳೆ ಮತ್ತ. ಬೆರಳ ಬಾತಿದ್ರ, ಕರ್ರಗ ಆಗಿದ್ರ ಡಾಕ್ಟರ್ ಹತ್ರನ. ಬಿಟ್ಟ ಪೊರಿ ತಾನ ತಿಂತದ, ಗಾಬರಿ ಆಗಬ್ಯಾಡ್ರಿ, ಅವುಗಳ ರೂಢಿನ ಅದು.

ಈಗ ಮುಂದಿಂದೂ ಹೇಳಿ ಬಿಡ್ತೀನಿ, ಜೂನ್ ದೂರ ಇಲ್ಲ. ನಿಮ್ಮ ಹುಬ್ಬಳ್ಳಿಗಿಂತ ನಮ್ಮ ಧಾರವಾಡದಾಗ ಮಳಿ ಜಾಸ್ತಿ, ಜಿಟಿಜಿಟಿ ಹಿಡದ್ರ ಬಟ್ಟಿ ವಾರಗಟ್ಟಲೆ ಒಣಗೋದಿಲ್ಲ, ಗ್ವಾಡಿ ಹಸಿ ಹೊಡೀತದ. ಈ ಪ್ರಾಣಿಗೆ ಬೇಕಾದದ್ದು 30-40 ಪರ್ಸೆಂಟ್ ತೇವ, ನಮ್ಮ ಮಳಿಗಾಲದಾಗ 80 ದಾಟಿರ್ತದ. ಖೋಲಿಯೊಳಗ ಬಟ್ಟಿ ಒಣಹಾಕಬ್ಯಾಡ್ರಿ, ಟ್ಯಾಂಕಿನ ಮ್ಯಾಲ ಗ್ಲಾಸ್ ಮುಚ್ಚಳ ಇದ್ರ ತಗದು ಜಾಳಗಿ ಹಾಕ್ರಿ, ಕಣ್ಣು ಸಣ್ಣ ಇರೋದು, ಇಲ್ಲಾಂದ್ರ ಮನಿ ಹಲ್ಲಿ ಒಳಗ ಇಳದು ತನ್ನ ಪರಾವಲಂಬಿ ಎಲ್ಲಾ ಕೊಟ್ಟು ಹೋಗ್ತದ. ನೀರಿನ ಬಟ್ಟಲ ಸಣ್ಣದು ಇಡ್ರಿ. ನೆಲಕ್ಕ ಪೇಪರ್ ಟವಲ್ ಇಲ್ಲಾ ಟೈಲ್ಸ್ ಇರಲಿ, ಉಸುಕು ಬ್ಯಾಡ, ಹುಳದ ಜೊತಿ ನುಂಗಿ ಹೊಟ್ಟಿ ಕಟ್ತದ. ಕ್ಯಾಲ್ಸಿಯಂ ಉಸುಕು ಅಂತ ಮಾರ್ತಾರ, ಅದೂ ಅಷ್ಟ. ಮೂಗಿನ್ಯಾಗ ಗುಳ್ಳಿ, ಉಸಿರಾಡುವಾಗ ಸಪ್ಪಳ, ಬಾಯಿ ತಗದು ಕೂಡೋದು ಕಂಡ್ರ ಪುಪ್ಪುಸಕ್ಕ ಸೋಂಕು ಅಂತ ತಿಳದು ಅವತ್ತ ಡಾಕ್ಟರ್‌ಗೆ ತೋರಸ್ರಿ.

ಡಿಸೆಂಬರ್ ಜನವರ್ಯಾಗ ರಾತ್ರಿ 15 ರ ಹತ್ರ ಇಳೀತದಲ್ಲ, ಆವಾಗ ನಿಮ್ಮ ಕಾಕಾನ ಮಗನ ಹಾಳಿ ಉಪಯೋಗಕ್ಕ ಬರ್ತದ, ಮ್ಯಾಟ್ ಹಗಲು ರಾತ್ರಿ ನಡೀಲಿ. ಆ ದಿನದಾಗ ಊಟ ಸ್ವಲ್ಪ ಕಡಿಮಿ ಮಾಡಿದ್ರೂ ತೂಕ ನಿಂತಿದ್ರ ಚಿಂತಿ ಇಲ್ಲ. ವಾರಕ್ಕೊಮ್ಮೆ ತೂಕ ಬರದಿಡ್ರಿ, ಕಣ್ಣಿಗೆ ಕಾಣೋಕಿಂತ ಮೊದಲ ತಕ್ಕಡ್ಯಾಗ ಕಾಣಸ್ತದ.

ಗದಗ_ಗಾಳಿ
ಕಿಡಕಿ ಹತ್ರ ಬಿಸಲಿಗೆ ಇಟ್ರ ವಿಟಮಿನ್ ಡಿ ಸಿಗ್ತೈತಿ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ. ಗ್ಲಾಸ್ ದಾಟಿ ಬೇಕಾದ ಯುವಿಬಿ ಕಿರಣ ಬರೂದಿಲ್ಲ, ಶೆಕಿ ಮಾತ್ರ ಬರ್ತೈತಿ, ಗ್ಲಾಸ್ ಟ್ಯಾಂಕ್ ಬಿಸಲಾಗ ಸ್ವಲ್ಪ ಹೊತ್ತಿನ್ಯಾಗ ಪ್ರಾಣ ತಗೀತೈತಿ. ಬೇಕಂದ್ರ ಕಡಿಮಿ ಪವರಿನ ಯುವಿಬಿ ಟ್ಯೂಬ್ ಹಾಕ್ರಿ, ನೆರಳಿನ ಪ್ರಾಣಿಗೆ ಅಂತ ಇರೋದು. ಆಲ್ಬಿನೊ (ಕರೀ ಬಣ್ಣ ಇಲ್ಲದ) ತಳಿ ಇದ್ರ ಬೆಳಕು ಇನ್ನೂ ಕಡಿಮಿ.

ಬ್ಯಾಡಗಿ_ರೈತ
ಕರೆಂಟ್ ಹೋದ್ರ ಏನ ಮಾಡ್ತೀರಿ? ನಮ್ಮ ಹಳ್ಳ್ಯಾಗ ಹೋತಂದ್ರ ಯಾವಾಗ ಬರ್ತೈತೋ ಹೇಳಾಕ ಬರೂದಿಲ್ಲ.

ಧಾರವಾಡದ_ಮಳಿ
ಕಾಕಾರ, ಬ್ಯಾಸಿಗ್ಯಾಗ ಹೋದ್ರ ಮ್ಯಾಟಿನ ಚಿಂತಿ ಇಲ್ಲ, ಬಾಟ್ಲಿ ಮಂಜುಗಡ್ಡಿ ಮೊದಲ ಮಾಡಿಟ್ಕೊಂಡಿದ್ರ ಸಾಕು. ಥಂಡ್ಯಾಗ ಹೋದ್ರ ಬಾಟ್ಲ್ಯಾಗ ಬಿಸಿನೀರು ಹಾಕಿ ಟವಲ್ ಸುತ್ತಿ ಹೊರಗಿಂದ ಬಿಸಿ ಬಾಜೂಕ ಇಡೋದು, ಟ್ಯಾಂಕಿಗೆ ಕಂಬಳಿ ಹೊಚ್ಚೋದು, ಗಾಳಿಗೆ ಒಂದು ಬಾಜೂ ಬಿಟ್ಟು. ಒಂದು ರಾತ್ರಿ ಥಂಡಿ ದೊಡ್ಡ ಗೆಕೊ ತಡೀತದ, ಆದ್ರ ಆ ಹೊತ್ತಿನ್ಯಾಗ ಊಟ ಹಾಕಬ್ಯಾಡ್ರಿ, ಶಾಖ ಇಲ್ಲದ ಜೀರ್ಣ ಆಗೋದಿಲ್ಲ, ತಿಂದದ್ದು ಹೊಟ್ಟ್ಯಾಗ ಕೊಳೀತದ.

ಕೇಶ್ವಾಪುರದಾಕಿ
ಎಲ್ಲಾ ಬರಕೊಂಡೇನಿ. ಅಣ್ಣಾರ, ಮೀಲ್‌ವರ್ಮ್ ಶುರು ಮಾಡಾಕ ಒಂದಿಷ್ಟು ದುಂಬಿ ನಿಮ್ಮ ಹತ್ರ ಸಿಗ್ತಾವೇನು? ತೌಡು ತಂದು ಫ್ರೀಜರ್‌ನಾಗ ಇಟ್ಟೇನಿ.

ಧಾರವಾಡದ_ಮಳಿ
ಸಿಗ್ತಾವ್ರಿ, ಒಂದು ಡಬ್ಬಿ ತುಂಬ ಅವ. ರವಿವಾರ ಮುಂಜಾನಿ ಸಪ್ತಾಪುರ ಕಡೆ ಬರ್ರಿ, ಬರೋಕಿಂತ ಮೊದಲ ಇನ್‌ಬಾಕ್ಸಿಗೆ ಮೆಸೇಜ್ ಹಾಕ್ರಿ. ಬರುವಾಗ ಗೆಕೊನ ತರಬ್ಯಾಡ್ರಿ, ಬಿಸಲು ಜೋರ ಅದ, ಕಾಲಿನ ಬೆರಳ ಫೋಟೊ ಅಷ್ಟ ತಗೊಂಡ ಬರ್ರಿ.